ನೀರು ತುಂಬಿದ ಗಂಟು

ಮಗಳ ಕತ್ತಿನ ಗಂಟನ್ನು ಮುಟ್ಟಿ ನೋಡದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಎಚ್ಚರವಾದೊಡನೆ, ಕಣ್ಣು ಬಿಡುವುದಕ್ಕೂ ಮೊದಲು, ಕೈ ತಾನಾಗಿಯೇ ಹೊದಿಕೆಯೊಳಗೆ ತಡಕಾಡಿಕೊಂಡು ಹೋಗಿ ಮಗುವಿನ ಎಡದವಡೆಯ ಕೆಳಗೆ ನಿಲ್ಲುತ್ತಿತ್ತು. ಇದೆ. ಎಲ್ಲಿಗೂ ಹೋಗಿಲ್ಲ. ನಿನ್ನೆಯಷ್ಟೇ ಇದೆಯೋ, ಕೂದಲೆಳೆಯಷ್ಟು ಬೆಳೆದಿದೆಯೋ? ಒತ್ತಿದರೆ ನೋವಿಲ್ಲ, ಬಿಸಿಯಿಲ್ಲ, ಕೆಂಪಿಲ್ಲ. ಬೆರಳಿನಡಿ ಒಂದಿಷ್ಟು ಜಾರಿ ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ನೋವಿದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ನೋವಿದ್ದರೆ ಮಗು ಅಳುತ್ತದೆ, ಮಗು ಅತ್ತರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಸದ್ದಿಲ್ಲದೆ ಕೂತಿರುವ ಈ ಗಂಟಿನ ಮಾತನ್ನು ಯಾರ ಹತ್ತಿರ ಹೇಳಿದರೂ ಅವರು ಗಂಟನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದರು.

"ಅಮ್ಮಾ, ಕೈ ತಣ್ಣಗಿದೆ, ತೆಗಿ," ಎಂದು ಚುಮ್ಮಿ ಮಗ್ಗುಲು ಬದಲಿಸುತ್ತಿದ್ದಳು. ಐದು ತುಂಬಿದ ಹುಡುಗಿ. ಗಂಟಿನ ಬಗ್ಗೆ ಅವಳಿಗೆ ಒಂದಿಷ್ಟು ಹೆಮ್ಮೆಯೇ ಇತ್ತು. ಶಾಲೆಯಲ್ಲಿ ಇನ್ಯಾರಿಗೂ ಅಂಥದ್ದು ಇರಲಿಲ್ಲ.

"ರೀ, ಒಂದ್ಸಲ ನೋಡಿ. ದೊಡ್ಡದಾಗಿದೆ ಅಲ್ವಾ?"

"ನಿನ್ನೆ ತಾನೇ ನೋಡಿದೀನಲ್ಲೇ. ಒಂದೇ ದಿನಕ್ಕೆ ಅದೇನು ಕುಂಬಳಕಾಯಿ ಆಗತ್ತಾ?" ಎಂದು ಗಂಡ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ.

ಅವನು ಲಿಫ್ಟ್ ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಗಿಲು ಬಡಿಯುವವರಿಗೆ ಹೊರಗಿನಿಂದ, "ಏನೂ ಆಗಲ್ಲ, ಗಾಬರಿ ಮಾಡ್ಕೋಬೇಡಿ, ಉಸಿರಾಡೋಕೆ ಗಾಳಿ ಬೇಕಾದಷ್ಟಿದೆ" ಎಂದು ಹೇಳುವುದು ಅವನ ಕೆಲಸದ ಒಂದು ಭಾಗ. ಮನೆಯಲ್ಲೂ ಅವನದು ಅದೇ ದನಿ. ಮದುವೆಯಾದ ಹೊಸತರಲ್ಲಿ ಆ ದನಿ ಕೇಳಿದರೆ ಅವಳಿಗೆ ಜೀವ ತಂಪಾಗುತ್ತಿತ್ತು. ಈಚೆಗೆ ತಾನೇ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದೇನೆ, ಇವನು ಹೊರಗೆ ನಿಂತಿದ್ದಾನೆ ಎಂದು ಅನ್ನಿಸುತ್ತಿತ್ತು.

ಮನೆಮಂದಿ ಅವಳನ್ನು ಥರ್ಮಾಮೀಟರ್ ಎಂದು ಕರೆಯುತ್ತಿದ್ದರು. ಹೆಸರಿಟ್ಟವಳು ಅವಳ ಅಕ್ಕ. ಚುಮ್ಮಿ ಹುಟ್ಟಿದ ಮೊದಲ ವರ್ಷ ಥರ್ಮಾಮೀಟರು ಅವಳ ಬ್ಲೌಸಿನೊಳಗೇ ಇರುತ್ತಿತ್ತು. ಕುಡಿಯುವ ನೀರನ್ನು ಅವಳು ಎರಡು ಸಲ ಕುದಿಸುತ್ತಿದ್ದಳು. ಬಸ್ಸಿನ ಕಂಬಿ ಹಿಡಿದ ಕೈಯನ್ನು ಮನೆ ತಲುಪುವವರೆಗೆ ಮೈಗೆ ತಾಗಿಸದೆ ಗಾಳಿಯಲ್ಲೇ ಹಿಡಿದುಕೊಂಡು ಬರುತ್ತಿದ್ದಳು. ಮಗು ಗುಂಡಿ ನುಂಗಿದೆ ಎಂದು ಒಮ್ಮೆ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಓಡಿದ್ದಳು. ಅಲ್ಲಿ ಎಕ್ಸ್‌ರೇ ಕೋಣೆಯ ಬೆಂಚಿನ ಮೇಲೆ ಕೂತಿರುವಾಗ ಆ ಗುಂಡಿ ಅವಳದೇ ಸ್ವೆಟರಿಗೆ ಅಂಟಿಕೊಂಡಿದ್ದು ಕಂಡಿತು. ಅಂದಿನಿಂದ ಮಕ್ಕಳ ವಾರ್ಡಿನ ನರ್ಸುಗಳಿಗೆಲ್ಲ ಅವಳ ಗುರುತು. ಅವಳು ಬಾಗಿಲಲ್ಲಿ ಕಂಡರೆ ಒಬ್ಬರನ್ನೊಬ್ಬರು ನೋಡಿ ತುಟಿ ಬಿಗಿಹಿಡಿಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಹಾಗೆಂದು ಕೆಲಸದಲ್ಲಿ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಕಟ್ಟುಹಲ್ಲು ತಯಾರಿಸುವ ಜಾಗದಲ್ಲಿ ಕೆಲಸಕ್ಕಿದ್ದಳು. ದಂತವೈದ್ಯರು ರೋಗಿಯ ವಸಡಿನ ಅಚ್ಚು ತೆಗೆದು ಕಳಿಸುತ್ತಾರೆ. ಪಕ್ಕದ ಬೆಂಚಿನವಳು ಅದಕ್ಕೆ ಪ್ಲಾಸ್ಟರು ಹೊಯ್ದು ಬಿಳಿಯ ವಸಡು ಮಾಡಿ ಕೊಡುತ್ತಾಳೆ. ಆ ವಸಡಿನ ಮೇಲೆ ಗುಲಾಬಿ ಮೇಣ ಹಾಸಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕಚ್ಚುತ್ತದೆಯೇ ಎಂದು ನೋಡುವುದು ಅವಳ ಪಾಲಿಗೆ. ಎದುರು ಗೋಡೆಯ ಶೆಲ್ಫಿನಲ್ಲಿ ಊರವರ ನಗುಗಳೆಲ್ಲ ಸಾಲಾಗಿ ಒಣಗುತ್ತಿರುತ್ತಿದ್ದವು. ಒಂದು ಹಲ್ಲು ತುಸು ಓರೆಯಾದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಇಷ್ಟು ಸೂಕ್ಷ್ಮ ನೋಡುವ ಕಣ್ಣು ಮನೆಯಲ್ಲಿ ಮಗುವಿನ ಮೇಲೆ ಬಿದ್ದರೆ ಸುಮ್ಮನಿರುತ್ತದೆಯೇ?

ಸುಮ್ಮನಿದ್ದ ಜಾಗ ಒಂದಿತ್ತು. ಅದು ಅಕ್ಕನ ಮನೆ.

ಚುಮ್ಮಿಗೆ ಇನ್ನೂ ಒಂದು ವರ್ಷ ತುಂಬಿರದಾಗಲೇ ಅವಳು ಕೆಲಸಕ್ಕೆ ಮರಳಬೇಕಾಯಿತು. ಮಗು ನೋಡಿಕೊಳ್ಳುವ ಕೇಂದ್ರಗಳು ಇದ್ದವು. ಮೂಗು ಸೋರುವ ಮಗುವನ್ನು ಅವರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅವಳ ಕೆಲಸ ಮುಗಿಯುವ ಹೊತ್ತಿಗೆ ಬೀಗ ಹಾಕಿಕೊಂಡು ಹೋಗಿರುತ್ತಾರೆ. ಅತ್ತೆ ಇದ್ದದ್ದು ದೂರದಲ್ಲಿ, ಅದೂ ಮಂಡಿನೋವಿನಲ್ಲಿ. ಉಳಿದವಳು ಅಕ್ಕ ಒಬ್ಬಳೇ. ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ನಾಯಿಗಳು. ರೈಲುಹಳಿಯ ಪಕ್ಕದ ಹಳೆಯ ಮನೆಯ ಹಿಂದೆ ಉದ್ದನೆಯ ಅಂಗಳ, ಅದರ ತುಂಬ ಗೋದಾಮುಗಳ ಕಾವಲಿಗೆ ಬಾಡಿಗೆಗೆ ಹೋಗುವ ದೊಡ್ಡ ನಾಯಿಗಳು. ಸಂಜೆ ವ್ಯಾನು ಬಂದು ಅವನ್ನು ಕೆಲಸಕ್ಕೆ ಕರೆದೊಯ್ಯುತ್ತಿತ್ತು, ಬೆಳಿಗ್ಗೆ ತಂದು ಬಿಡುತ್ತಿತ್ತು. ಅಕ್ಕ ಅವಕ್ಕೆ ಹುದ್ದೆಯ ಹೆಸರುಗಳನ್ನೇ ಇಟ್ಟಿದ್ದಳು. ಮ್ಯಾನೇಜರ್, ಕ್ಯಾಷಿಯರ್, ಇನ್ಸ್‌ಪೆಕ್ಟರ್. "ಇವರೆಲ್ಲ ನೈಟ್ ಡ್ಯೂಟಿಯವರು ಕಣೇ. ಹಗಲೆಲ್ಲ ಗೊರಕೆ. ನಿನ್ನ ಗಂಡನಿಗಿಂತ ಸಭ್ಯಸ್ಥರು," ಎನ್ನುತ್ತಿದ್ದಳು.

ನಾಯಿಯೆಂದರೆ ಗಂಡನಿಗೆ ಆಗುತ್ತಿರಲಿಲ್ಲ. "ನಿಮ್ಮಕ್ಕ ನೋಡ್ಕೊಳ್ಳೋದಾದ್ರೆ ನೋಡ್ಕೊಳ್ಲಿ. ಆದ್ರೆ ಆ ನಾಯಿಗಳ ಮಧ್ಯೆ ನನ್ನ ಮಗು ಬೇಡ," ಎಂದು ಒಂದೇ ಮಾತು ಹೇಳಿದ್ದ. ಅಂಗಳಕ್ಕೂ ಮನೆಗೂ ನಡುವೆ ಅಕ್ಕ ತಂತಿಬಲೆಯ ಬಾಗಿಲು ಹಾಕಿಸಿದಳು. ಅವನು ಬಂದು ಅಗುಳಿ ಎಳೆದು ನೋಡಿ ತಲೆಯಾಡಿಸಿ ಹೋದ. ಬಾಗಿಲು ಮುಚ್ಚಿದರೆ ನಾಯಿಗಳು ಊಳಿಡುತ್ತಿದ್ದವು, ಮಗು ಬೆಚ್ಚಿ ಏಳುತ್ತಿತ್ತು, ಪಕ್ಕದ ಮನೆಯವರು ಬಯ್ಯುತ್ತಿದ್ದರು. ಮೊದಲ ವಾರ ಕಳೆಯುವಷ್ಟರಲ್ಲಿ ಆ ಬಾಗಿಲು ತೆರೆದೇ ಇರತೊಡಗಿತು. ಅವಳು ಒಂದು ಸಂಜೆ ಮಗುವನ್ನು ಕರೆದೊಯ್ಯಲು ಬಂದಾಗ ಚುಮ್ಮಿ ಮ್ಯಾನೇಜರನ ಹೊಟ್ಟೆಯ ಮೇಲೆ ತಲೆಯಿಟ್ಟು, ಅದರ ಕಿವಿಯನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಅವಳು ನೋಡಿದಳು. ಅಕ್ಕನೂ ಅವಳ ಮುಖ ನೋಡಿದಳು.

"ಹೇಳು, ಬೈಯೋದಿದ್ರೆ ಈಗ್ಲೇ ಬೈದುಬಿಡು," ಎಂದಳು ಅಕ್ಕ.

ಬೈದರೆ ನಾಳೆ ಮಗುವನ್ನು ಎಲ್ಲಿ ಬಿಡುವುದು? ಅವಳು ಬಗ್ಗಿ ಮಗುವನ್ನು ಎತ್ತಿಕೊಂಡಳು. ಮನೆಗೆ ಬಂದು ಸೋಪು ಹಚ್ಚಿ ಬಾಯಿ, ಕೈ, ಕತ್ತು ಎಲ್ಲ ಉಜ್ಜಿದಳು. ಆಮೇಲೆ ಆ ಮನೆಯ ವಿಚಾರದಲ್ಲಿ ಚಿಂತೆ ಮಾಡುವುದನ್ನೇ ಬಿಟ್ಟಳು. ಜಗತ್ತಿನ ಮಿಕ್ಕ ಎಲ್ಲದರ ಬಗ್ಗೆಯೂ ಅವಳು ಹೆದರಬಹುದಿತ್ತು. ಇದೊಂದಕ್ಕೆ ಹೆದರುವಂತಿರಲಿಲ್ಲ.

ಗಂಟು ಕಂಡದ್ದು ನಾಲ್ಕು ವರ್ಷಗಳ ಮೇಲೆ, ತಲೆ ಬಾಚುವಾಗ. ಹಲ್ಲಿನ ನಡುವೆಯೇ ಬದುಕುವವಳಲ್ಲವೇ, ಮೊದಲು ಹಲ್ಲಿನ ಮೇಲೇ ಅನುಮಾನ ಹೋಯಿತು. ಪರಿಚಯದ ದಂತವೈದ್ಯರು ಹುಳುಕು ಹಲ್ಲೊಂದನ್ನು ತೋರಿಸಿ, ಅದರ ನಂಜು ಕೆಳಗಿಳಿದಿದೆ ಎಂದು ಔಷಧಿ ಕೊಟ್ಟರು. ಹಲ್ಲು ಸರಿಹೋಯಿತು, ಗಂಟು ಕದಲಲಿಲ್ಲ. ಮಕ್ಕಳ ಡಾಕ್ಟರು ಕ್ಷಯದ ಗಡ್ಡೆಯಿರಬಹುದು ಎಂದು ಕೈಗೆ ಚುಚ್ಚಿ ಪರೀಕ್ಷೆ ಮಾಡಿದರು. ಅದೂ ಅಲ್ಲ. ಸ್ಕ್ಯಾನು ಮಾಡಿದವರು ಪರದೆಯನ್ನೇ ತುಂಬ ಹೊತ್ತು ದಿಟ್ಟಿಸಿ, ಒಳಗೆ ಗಡ್ಡೆಯಿಲ್ಲ, ಬರೀ ನೀರಿದೆ, ಚೀಲದ ಗೋಡೆ ಮಾತ್ರ ಎರಡು ಪದರ ಇದ್ದಂತಿದೆ ಎಂದು ಬರೆದು ದೊಡ್ಡಾಸ್ಪತ್ರೆಯ ಮಕ್ಕಳ ಸರ್ಜನರ ಬಳಿಗೆ ಕಳಿಸಿದರು. ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳುತ್ತಿದ್ದರು, ಗಂಟು ಪ್ರತಿಯೊಂದು ಹೆಸರನ್ನೂ ಜಾಡಿಸಿಬಿಟ್ಟು ಹಾಗೆಯೇ ಕೂತಿರುತ್ತಿತ್ತು. ಅವಳು ಪ್ರತಿ ಸಲವೂ ಆ ಹೊಸ ಹೆಸರಿಗೆ ತಕ್ಕ ಹಾಗೆ ಹೆದರಿ, ಅದು ಸುಳ್ಳಾದಾಗ ಹಗುರಾಗಿ, ಮರುಗಳಿಗೆಯೇ ಮೊದಲಿಗಿಂತ ಹೆಚ್ಚು ಕಂಗಾಲಾಗುತ್ತಿದ್ದಳು.

ಸರ್ಜನ್ ಮಧ್ಯವಯಸ್ಸಿನ ಹೆಂಗಸು. ಕಣ್ಣಡಿ ಕಪ್ಪಾಗಿತ್ತು, ಬೆರಳುಗಳು ಮೃದುವಾಗಿದ್ದವು. ಆ ದಿನ ಗಂಡನಿಗೆ ರಜೆ ಸಿಗದೆ ಅಕ್ಕನೇ ಜೊತೆಗೆ ಬಂದಿದ್ದಳು. ಚುಮ್ಮಿ ದೊಡ್ಡಮ್ಮನ ತೊಡೆಯ ಮೇಲೆ ಕೂತು ಡಾಕ್ಟರಮ್ಮನ ಕತ್ತನ್ನು ತಾನೂ ಮುಟ್ಟಿ ನೋಡುತ್ತಿದ್ದಳು.

"ಮನೇಲಿ ನಾಯಿ ಇದೆಯಾ?" ಎಂದು ಡಾಕ್ಟರಮ್ಮ ಗಂಟಿನ ಮೇಲೆ ಬೆರಳಾಡಿಸುತ್ತಲೇ ಕೇಳಿದರು.

ಅವಳು ಅಕ್ಕನನ್ನು ನೋಡಲಿಲ್ಲ. ಅಕ್ಕ ಚುಮ್ಮಿಯ ಶೂ ಲೇಸು ಕಟ್ಟತೊಡಗಿದ್ದಳು, ಕಟ್ಟಿಯೇ ಇದ್ದ ಲೇಸು.

"ಇಲ್ಲ, ಡಾಕ್ಟ್ರೇ."

"ಕುರಿ, ಮೇಕೆ?"

"ಅಯ್ಯೋ, ನಾವಿರೋದು ಮೂರನೇ ಮಹಡೀಲಿ."

ಡಾಕ್ಟರಮ್ಮ ನಕ್ಕರು. ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ ಕಿರಿಯ ಡಾಕ್ಟರ ಕಡೆಗೆ ತಿರುಗಿ, ಪಾಠದ ದನಿಯಲ್ಲಿ, "ನಾಯಿ ಹೊಟ್ಟೆಯ ಒಂದು ಸಣ್ಣ ಹುಳು. ಅದರ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಒಳಗೆಲ್ಲೋ ಕೂತು ಹೀಗೆ ನೀರಿನ ಚೀಲ ಕಟ್ಟುತ್ತೆ. ಸಾಮಾನ್ಯ ಲಿವರು, ಶ್ವಾಸಕೋಶ. ಕತ್ತಿನಲ್ಲಿ ಬಹಳ ಅಪರೂಪ, ನಾನಂತೂ ನೋಡಿಲ್ಲ. ರಕ್ತದಲ್ಲೂ ಏನೂ ಸಿಕ್ಕಿಲ್ಲ. ಅದೊಂದನ್ನೇ ನಂಬೋ ಹಾಗಿಲ್ಲ, ಅದಕ್ಕೇ ಕೇಳಿದ್ದು. ನಾಯಿ ಇದ್ದಿದ್ದರೆ ಸುಮ್ಮನೆ ಸೂಜಿ ಚುಚ್ಚೋ ಹಾಗಿರಲಿಲ್ಲ. ನೀರು ಒಳಗೇ ಸೋರಿದರೆ ಮಗುವಿಗೆ ಟೇಬಲ್ ಮೇಲೇ ಉಸಿರು ಕಟ್ಟಬಹುದು, ಆಮೇಲೆ ಸೋರಿದ ಕಡೆಯೆಲ್ಲ ಹೊಸ ಚೀಲಗಳು ಹುಟ್ಟಬಹುದು," ಎಂದರು. ಮತ್ತೆ ಅವಳ ಕಡೆ ತಿರುಗಿದರು. "ನೀವು ಹೆದರಬೇಡಿ ಅಮ್ಮ. ನಿಮಗೆ ಅದೇನೂ ಇಲ್ಲವಲ್ಲ. ನಾಳೆ ಬೆಳಿಗ್ಗೆ ಬನ್ನಿ, ಸೂಜಿಯಲ್ಲಿ ಒಂದಿಷ್ಟು ನೀರು ತೆಗೆದು ನೋಡೋಣ. ಐದು ನಿಮಿಷದ ಕೆಲಸ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನರ್ಸು ಮುಂದಿನವರನ್ನು ಕೂಗಿ ಆಗಿತ್ತು, ಅಳುವ ಮಗುವೊಂದು ಒಳಗೆ ಬಂದಾಗಿತ್ತು, ಅಕ್ಕ ಚುಮ್ಮಿಯನ್ನು ಎತ್ತಿಕೊಂಡು ಬಾಗಿಲು ದಾಟಿದ್ದಳು. ಮೆಟ್ಟಿಲಿಳಿಯುವಾಗ ಅಕ್ಕತಂಗಿಯರು ಬಸ್ಸಿನ ವಿಚಾರ ಮಾತಾಡಿದರು, ನಾಳೆ ಮಗುವಿಗೆ ಹಾಕಬೇಕಾದ ಬಟ್ಟೆಯ ವಿಚಾರ ಮಾತಾಡಿದರು.

ರಸ್ತೆಯ ತಿರುವಿನಲ್ಲಿ ಅಕ್ಕ ಮಗುವನ್ನು ಕರೆದುಕೊಂಡು ತನ್ನ ಮನೆಗೆ ಹೋದಳು. ಇವಳು ಕೆಲಸಕ್ಕೆ ಹೋಗಬೇಕಿತ್ತು. ಮಗುವನ್ನು ಬಿಡಲು ಆ ದಿನವೂ ಬೇರೆ ಜಾಗವಿರಲಿಲ್ಲ.

ಬೆಂಚಿನ ಮುಂದೆ ಕೂತಳು. ಯಾರೋ ಮುದುಕರ ಮೇಲಿನ ಸಾಲು. ಮೇಣ ಕಾಯಿಸಿ ಹಾಸಿದಳು. ಅಪರೂಪ ಎಂದರಲ್ಲ, ತಾವೇ ನೋಡಿಲ್ಲ ಎಂದರಲ್ಲ. ಅಷ್ಟು ಓದಿದವರೇ ನೋಡಿರದ ಕಾಯಿಲೆ ನನ್ನ ಮಗುವಿಗೇ ಏಕೆ ಬರಬೇಕು? ಕೋರೆಹಲ್ಲು ಕೂರಿಸಿದಳು. ಅಕ್ಕನ ನಾಯಿಗಳು ಎಷ್ಟು ದಷ್ಟಪುಷ್ಟವಾಗಿವೆ, ಹುಳುವಿರುವ ನಾಯಿ ಬಡಕಲಾಗಿರುವುದಿಲ್ಲವೇ? ಅವರು ಕೇಳಿದ್ದು ಮನೆಯಲ್ಲಿ ನಾಯಿ ಇದೆಯೇ ಎಂದು, ನಮ್ಮ ಮನೆಯಲ್ಲಿ ಇಲ್ಲವಲ್ಲ. ಹೇಳಿದರೆ ಏನಾಗುತ್ತದೆ ಎಂಬುದೂ ಸಾಲಾಗಿ ಕಣ್ಣೆದುರು ಬಂತು. ಗಂಡ ಕೇಳುತ್ತಾನೆ, ತಂತಿಬಲೆಯ ಬಾಗಿಲು ಯಾವಾಗಿನಿಂದ ತೆಗೆದಿತ್ತು ಎಂದು. ನಗರಸಭೆಯವರು ಬರುತ್ತಾರೆ. ಅಕ್ಕನ ಅಂಗಳ ಬರಿದಾಗುತ್ತದೆ. ಇಷ್ಟೆಲ್ಲ ಆಗಿ ಕೊನೆಗೆ ಅದೊಂದು ಸಾದಾ ನೀರಿನ ಚೀಲ ಎಂದು ಗೊತ್ತಾದರೆ? ಸ್ವೆಟರಿಗೆ ಅಂಟಿದ ಗುಂಡಿಯ ಹಾಗೆ?

"ಅಕ್ಕಾ, ಇದೇನು ಮಾಡಿದೀರಿ?" ಎಂದಳು ಪಕ್ಕದ ಬೆಂಚಿನವಳು. ಇಪ್ಪತ್ತೈದರ ಹುಡುಗಿ, ಮೊಣಕೈಯವರೆಗೂ ಪ್ಲಾಸ್ಟರಿನ ಬಿಳಿ. "ಎಡಗಡೆ ಕೋರೆಹಲ್ಲು ಬಲಗಡೆ ಕೂರಿಸಿದೀರಲ್ಲ. ಪಾಪ, ತಾತ ಕನ್ನಡಿ ನೋಡ್ಕೊಂಡ್ರೆ ಎಡಬಲಾನೇ ಮರೆತುಬಿಡ್ತಾರೆ."

ಅವಳು ನಗಲು ನೋಡಿದಳು. ಆಗಲಿಲ್ಲ.

"ನಾಳೆ ಸೂಜಿ ಅಂತಲ್ವಾ, ಅದಕ್ಕೇ ಹೀಗಾಗಿದೀರಿ. ಏನೂ ಆಗಲ್ಲ ಬಿಡಿ. ನಿಮ್ಮಕ್ಕನೂ ಹಾಗೇ ಅಂದ್ರು, ಅವರು ಆಸ್ಪತ್ರೆಯಿಂದ ಬಂದ್ಮೇಲೆ ನನ್ನ ಮಗನ್ನ ಬಿಡೋಕೆ ಹೋದಾಗ. ಅವನಂತೂ ಈಗ ನನ್ನ ಹತ್ರ ಬರೋಕೇ ಒಲ್ಲೆ ಅಂತಾನೆ ಕಣ್ರೀ, ಮ್ಯಾನೇಜರ್ ಬೇಕು ಅಂತ ಒಂದೇ ಹಠ. ನೀವು ಆ ಮನೆ ತೋರಿಸದೇ ಇದ್ದಿದ್ರೆ ನಾನು ಈ ಕೆಲಸ ಬಿಟ್ಟೇ ಕೂರಬೇಕಿತ್ತು."

ಹೌದು, ತೋರಿಸಿದ್ದು ಇವಳೇ. ಕಳೆದ ವರ್ಷ ಆ ಹುಡುಗಿ ಮಗುವನ್ನು ಬಿಡಲು ಜಾಗವಿಲ್ಲದೆ ಅಳುತ್ತಿದ್ದಾಗ, 'ನನ್ನ ಮಗಳು ಬೆಳೆದದ್ದೇ ಅಲ್ಲಿ, ಕಣ್ಣುಮುಚ್ಚಿಕೊಂಡು ಬಿಡು' ಎಂದಿದ್ದಳು. ಥರ್ಮಾಮೀಟರೇ ಹೇಳಿದ ಮೇಲೆ ಕೇಳುವುದೇನಿದೆ? ಎರಡು ವರ್ಷದ ಮಗುವನ್ನು ಅವಳು ಮರುದಿನವೇ ಬಿಟ್ಟಿದ್ದಳು.

ಇವಳು ತಲೆನೋವೆಂದು ಹೇಳಿ, ಹೊತ್ತಿಗೆ ಮೊದಲೇ ಎದ್ದಳು.

ಅಕ್ಕನ ಅಂಗಳದಲ್ಲಿ ನಾಯಿಗಳ ಊಟದ ಸಮಯ. ವ್ಯಾನು ಬರುವ ಮೊದಲು ಹೊಟ್ಟೆ ತುಂಬಿಸಬೇಕು. ಅಕ್ಕ ಮೋಟು ಸ್ಟೂಲಿನ ಮೇಲೆ ಕೂತು, ಮುಂದೆ ಬಕೆಟ್ಟು ಇಟ್ಟುಕೊಂಡು, ದೊಡ್ಡ ಕತ್ತರಿಯಿಂದ ಕುರಿಯ ಲಿವರು, ಕರುಳುಗಳನ್ನು ಕತ್ತರಿಸಿ ಹಾಕುತ್ತಿದ್ದಳು. ನಾಯಿಗಳು ಸಾಲಾಗಿ ಕೂತು ಜೊಲ್ಲು ಸುರಿಸುತ್ತಿದ್ದವು. ಚುಮ್ಮಿ ಸ್ವಲ್ಪ ದೂರದಲ್ಲಿ ಪ್ಲಾಸ್ಟರಿನವಳ ಮಗನ ಜೊತೆ ಮಣ್ಣಿನಲ್ಲಿ ಗುಂಡಿ ತೋಡುತ್ತಿದ್ದಳು.

"ಬಾರೇ ಥರ್ಮಾಮೀಟರ್. ಇವತ್ತು ಜ್ವರ ಯಾರಿಗೆ?" ಎಂದಳು ಅಕ್ಕ ತಲೆಯೆತ್ತದೆ.

"ಅಕ್ಕಾ, ಡಾಕ್ಟ್ರು ನಾಯಿ ವಿಚಾರ ಕೇಳಿದ್ರಲ್ಲ."

"ಕೇಳಿದ್ರು. ನೀನು ಇಲ್ಲ ಅಂದೆ. ನಾನು ಹಾಗೆ ಹೇಳು ಅಂದ್ನಾ?"

"ನೀನು ಅಲ್ಲೇ ಕೂತಿದ್ದೆ. ನಿನ್ನೆದುರಿಗೆ ಹೇಗೆ ಹೇಳಲಿ?"

"ಓಹೋ. ಹಾಗಾದ್ರೆ ನಾನು ಬರಬಾರದಿತ್ತು ಅನ್ನು. ಮಗು ಎತ್ಕೊಂಡು ಮೂರು ಮಹಡಿ ಹತ್ತೋಕೆ ನಾನು ಬೇಕು, ಡಾಕ್ಟ್ರೆದುರು ಬಾಯಿ ಬಿಡೋಕೆ ಅಡ್ಡ." ಕತ್ತರಿ ನಿಲ್ಲಲಿಲ್ಲ. "ನನ್ನ ನಾಯಿಗಳಿಗೆ ರೋಗ ಇದ್ದಿದ್ರೆ ಮೊದಲು ನನಗೆ ಬರಬೇಕಿತ್ತು. ಹದಿನಾರು ವರ್ಷದಿಂದ ಇವುಗಳ ಜೊತೆ ಬಿದ್ದಿದೀನಿ, ನೋಡು, ಕಲ್ಲುಗುಂಡಿನ ಹಾಗಿದೀನಿ. ಊರಿಗೆ ಮೊದಲು ಅವಕ್ಕೆ ಇಂಜೆಕ್ಷನ್ ಹಾಕಿಸೋದು ನಾನು. ಕ್ಯಾಷಿಯರ್‌ಗೆ ಹಲ್ಲು ಕೂಡ ಉಜ್ತೀನಿ. ನಿನ್ನ ಗಂಡ ಉಜ್ತಾನಾ ದಿನಾ?"

ಅವಳ ಕಣ್ಣು ಅಕ್ಕನ ಕೈಯಲ್ಲಿದ್ದ ಲಿವರಿನ ಮೇಲೆ ನಿಂತುಬಿಟ್ಟಿತ್ತು. ಕಂದುಗೆಂಪು ಮಾಂಸದ ಅಂಚಿನಲ್ಲಿ, ದ್ರಾಕ್ಷಿಗಿಂತ ದೊಡ್ಡದಾಗಿ, ಮಂಜುಬಿಳುಪಿನ ಗುಳ್ಳೆಯೊಂದು ಉಬ್ಬಿಕೊಂಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು.

"ಅದೇನದು?"

"ಯಾವುದು? ಇದಾ? ನೀರುಗುಳ್ಳೆ." ಅಕ್ಕ ಕತ್ತರಿಯ ತುದಿಯಿಂದ ಗುಳ್ಳೆಯನ್ನು ಅಲುಗಿಸಿದಳು. ಅದು ಒಂದಿಷ್ಟು ಜಾರಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. "ಇದಿರೋ ಮಾಲು ಮಾಂಸದಂಗಡಿಯವನು ಮಾರೋಕಾಗಲ್ಲ, ನೋಡಿದ್ರೆ ಜನ ಮುಖ ತಿರುಗಿಸ್ತಾರೆ. ಅದಕ್ಕೇ ನನಗೆ ಅಂತ ಎತ್ತಿಟ್ಟಿರ್ತಾನೆ, ಪುಕ್ಕಟೆ. ಇಲ್ದಿದ್ರೆ ಈ ಆಫೀಸರುಗಳನ್ನೆಲ್ಲ ಸಾಕೋಕಾಗತ್ತಾ? ಇನ್ಸ್‌ಪೆಕ್ಟರ್‌ಗೆ ಇದಂದ್ರೆ ಪ್ರಾಣ." ಎಂದವಳೇ ಗುಳ್ಳೆ ಸಮೇತ ತುಂಡನ್ನು ಎಸೆದಳು. ನಾಯಿ ಅದನ್ನು ಗಾಳಿಯಲ್ಲೇ ಹಿಡಿಯಿತು. ಕಚ್ಚಿದಾಗ ಪಟ್ಟೆಂದು ನೀರು ಚಿಮ್ಮಿತು.

ಅವಳಿಗೆ ಡಾಕ್ಟರಮ್ಮನ ಮಾತು ಪೂರ್ತಿ ತಿಳಿದಿರಲಿಲ್ಲ. ಕುರಿಯ ವಿಚಾರ ಅವರು ಏಕೆ ಕೇಳಿದರೆಂದೂ ಯೋಚಿಸಿರಲಿಲ್ಲ. ಆದರೆ ದಿನವೂ ಬೆಳಗಾಗುವ ಮೊದಲು ಯಾವುದನ್ನು ತಡವಿ ನೋಡುತ್ತಿದ್ದಳೋ ಅದರ ಜಾರುವಿಕೆ ಬೆರಳಿಗೆ ಬಾಯಿಪಾಠವಾಗಿತ್ತು. ಇನ್ಸ್‌ಪೆಕ್ಟರ್ ತುಟಿ ನೆಕ್ಕಿಕೊಂಡು ಎದ್ದು, ಮಕ್ಕಳ ಕಡೆಗೆ ಹೋಗಿ, ಪ್ಲಾಸ್ಟರಿನವಳ ಮಗನ ಕೆನ್ನೆಯನ್ನು ಒಂದು ಸಲ ನೆಕ್ಕಿತು. ಮಗು ಕಿಲಕಿಲ ನಕ್ಕು, ಮಣ್ಣಿನ ಕೈಯಿಂದ ಕೆನ್ನೆ ಒರೆಸಿಕೊಂಡು, ಅದೇ ಬೆರಳು ಬಾಯಿಗಿಟ್ಟುಕೊಂಡಿತು.

"ಅಕ್ಕಾ, ಮಕ್ಕಳನ್ನ ಒಳಗೆ ಕರ್ಕೋ."

"ಏನಾಯ್ತೇ ಈಗ?"

"ಕೈ ತೊಳಿಸು ಮೊದಲು. ಅಕ್ಕಾ, ನಾನು ಡಾಕ್ಟ್ರಿಗೆ ಹೇಳ್ಬೇಕು."

ಕತ್ತರಿ ನಿಂತಿತು. ಅಕ್ಕ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ಮುಖದಲ್ಲಿದ್ದ ತಮಾಷೆ ಇಳಿದುಹೋಗಿತ್ತು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು.

"ಹೇಳು. ಬೇಡ ಅಂದ್ನಾ? ಹೇಳಿದ ಮೇಲೆ ಏನಾಗತ್ತೆ ಅಂತಾನೂ ಗೊತ್ತಿರಲಿ. ನಿನ್ನ ಗಂಡ ಇನ್ನು ಈ ಮೆಟ್ಟಿಲು ಹತ್ತೋಕೆ ಬಿಡಲ್ಲ, ನಿನ್ನನ್ನೂ, ಮಗೂನೂ. ಆ ಹುಡುಗಿ ನಾಳೆ ಬಂದು ನನ್ನ ಮುಖಕ್ಕೆ ಉಗೀತಾಳೆ. ಆಮೇಲೆ ಪಕ್ಕದ ಮನೆಯವರಿಗೆ ಹಬ್ಬ." ಅವಳ ದನಿ ಸಣ್ಣದಾಯಿತು. "ಅದು ಅಲ್ಲವೇ ಅಲ್ಲ ಅಂತಾದ್ರೆ? ಆಗ ಯಾರು ತಂದುಕೊಡ್ತಾರೆ ಇದನ್ನೆಲ್ಲ ನನಗೆ? ನೀನು ಎಷ್ಟು ಸಲ ಹೀಗೆ ಹಾರಿ ಬಿದ್ದಿಲ್ಲ, ಹೇಳು."

"ತುಂಬ ಸಲ."

"ಮತ್ತೆ?"

ಈ ಹೆದರಿಕೆ ಮಿಕ್ಕ ಹೆದರಿಕೆಗಳ ಹಾಗಲ್ಲ ಎಂದು ಹೇಗೆ ತೋರಿಸುವುದು? ಎಲ್ಲಕ್ಕೂ ಒಂದೇ ಗಂಟಲಿನಿಂದ ಕೂಗಿಕೊಂಡು ಬಂದವಳು ಈಗ ಯಾವ ದನಿಯಲ್ಲಿ ಕೂಗಬೇಕು? ಅಕ್ಕನ ಕಣ್ಣು ತುಂಬಿದ್ದು ಕಂಡಿತು. ಹತ್ತಿರ ಹೋಗಿ ಕೈ ಹಿಡಿಯಬೇಕೆನ್ನಿಸಿತು. ಆ ಕೈಯಲ್ಲಿ ಬಕೆಟ್ಟಿನ ರಕ್ತವಿತ್ತು. ಅವಳಿಗೆ ಮುಂದೆ ಹೆಜ್ಜೆಯಿಡಲು ಆಗಲಿಲ್ಲ, ಅದನ್ನು ಅಕ್ಕನೂ ಕಂಡಳು. ಕತ್ತರಿಯನ್ನು ಬಕೆಟ್ಟಿನೊಳಗೆ ಹಾಕಿ ಮುಖ ತಿರುಗಿಸಿದಳು.

ಇವಳೇ ಚುಮ್ಮಿಯ ಕೈಗಳನ್ನು ನಲ್ಲಿಯಡಿ ಹಿಡಿದು ಉಜ್ಜಿದಳು. ಆ ಮಗುವಿನದನ್ನೂ ಉಜ್ಜಿದಳು. ಎಷ್ಟು ಉಜ್ಜಿದರೆ ಸಾಕು, ಎಂದೋ ಒಳಗೆ ಹೋದದ್ದಕ್ಕೆ ಇಂದು ಉಜ್ಜಿ ಏನು ಪ್ರಯೋಜನ, ಅವಳಿಗೆ ತಿಳಿಯಲಿಲ್ಲ. ಕೈ ಮಾತ್ರ ಉಜ್ಜುತ್ತಲೇ ಇತ್ತು.

"ಅಮ್ಮಾ, ಉರೀತಿದೆ," ಎಂದಳು ಚುಮ್ಮಿ.

ಬೀದಿಗೆ ಬಂದು ಮೊದಲು ಗಂಡನಿಗೆ ಫೋನು ಮಾಡಿದಳು. ಅವನು ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿದ್ದ. ಹಿಂದೆ ಯಂತ್ರದ ಗುಂಯ್‌ಗುಡುವಿಕೆ.

"ರೀ, ಒಂದು ವಿಷಯ. ನಾಳೆ ಸೂಜಿ ಬೇಡ ಅನ್ನಿಸ್ತಿದೆ."

"ಮತ್ತೆ ಶುರುವಾಯ್ತಾ? ಡಾಕ್ಟ್ರು ಅಷ್ಟು ವರ್ಷ ಓದಿರೋದು ಸುಮ್ಮನೆನಾ? ಐದು ನಿಮಿಷದ ಕೆಲಸ ಅಂತ ನೀನೇ ಹೇಳಿದೆಯಲ್ಲ. ಏನೂ ಆಗಲ್ಲ, ಗಾಬರಿ ಮಾಡ್ಕೋಬೇಡ. ಒಳಗೆ ಇಬ್ಬರು ಸಿಕ್ಕಿಹಾಕ್ಕೊಂಡಿದಾರೆ, ಆಮೇಲೆ ಮಾಡ್ತೀನಿ." ಫೋನು ಕಟ್ಟಾಯಿತು.

ಹೇಳಿದ್ದಿದ್ದರೆ ಅವನು ಕೇಳುತ್ತಿದ್ದ. ಅವಳೇ ಹೇಳಲಿಲ್ಲ. ತಂತಿಬಲೆಯ ಬಾಗಿಲು ನಾಲಿಗೆಗೆ ಅಡ್ಡವಾಗಿತ್ತು.

ಬಸ್ಸುನಿಲ್ದಾಣದ ತಗಡಿನ ಚಪ್ಪರದಡಿ ಕೂತಳು. ಎದುರಿಗೇ ರಸ್ತೆಯಾಚೆ ಅಕ್ಕನ ಮನೆಯ ಗೇಟು. ಚುಮ್ಮಿ ಅವಳ ತೊಡೆಗೆ ತಲೆಕೊಟ್ಟು ಬೆಂಚಿನ ಮೇಲೆ ಕಾಲು ಚಾಚಿದಳು. ಎಡಗೆನ್ನೆ ಮೇಲಾಗಿತ್ತು. ಇಳಿಬಿಸಿಲಿನಲ್ಲಿ ಗಂಟು ಚರ್ಮದಡಿ ಹೊಳೆಯಿತು. ಮೇಲಿನ ಚರ್ಮ ಎಷ್ಟು ತೆಳುವಾಗಿದೆ ಎಂದು ಅವಳು ನೋಡಿದಳು. ಸೂಜಿಗೆ ಅದೇನು ಕಷ್ಟ? ಒಂದು ಬಸ್ಸು ಬಂದು ನಿಂತು ಹೊರಟಿತು. ಅವಳು ಏಳಲಿಲ್ಲ.

ಆಸ್ಪತ್ರೆಯ ನಂಬರು ಒತ್ತಿದಳು. ಗಂಟೆ ಹೊಡೆದುಕೊಳ್ಳುವ ಮೊದಲೇ ಕಟ್ಟು ಮಾಡಿದಳು. ಮತ್ತೆ ಒತ್ತಿದಳು.

"ಮಕ್ಕಳ ವಾರ್ಡು," ಎಂದಿತು ಹೆಂಗಸಿನ ದನಿ.

"ನಾಳೆ ಬೆಳಿಗ್ಗೆ ಸೂಜಿ ಇದೆಯಲ್ಲ, ಕತ್ತಿನ ಗಂಟು, ಆ ಮಗುವಿನ ತಾಯಿ ಮಾತಾಡ್ತಿರೋದು."

"ಓ, ನೀವಾ." ದನಿಯಲ್ಲಿ ಸಣ್ಣ ನಗು ಸುಳಿಯಿತು. "ಏನಮ್ಮಾ, ಜ್ವರ ಬಂದಿದೆಯಾ?"

"ಜ್ವರ ಇಲ್ಲ. ಸರ್ಜನ್ ಮೇಡಮ್‌ಗೆ ಫೋನು ಕೊಡಿ. ನಾನು ಅವರಿಗೆ ಸುಳ್ಳು ಹೇಳಿದೀನಿ."

ಆ ಕಡೆ ನಗು ನಿಂತಿತು. "ಒಂದ್ನಿಮಿಷ, ಲೈನಲ್ಲೇ ಇರಿ." ಯಾರದೋ ಚಪ್ಪಲಿಯ ಸದ್ದು, ಯಾವುದೋ ಮಗುವಿನ ಅಳು, ಬಾಗಿಲು ತೆರೆದ ಸದ್ದು. ಅಷ್ಟರಲ್ಲಿ ಎದುರಿನ ಬೀದಿಯಲ್ಲಿ ಪ್ಲಾಸ್ಟರಿನವಳು ಕೆಲಸ ಮುಗಿಸಿ ಅವಸರದಲ್ಲಿ ಬಂದು ಅಕ್ಕನ ಗೇಟು ತಳ್ಳಿ ಒಳಗೆ ಹೋದಳು.

"ಹೇಳಿ ಅಮ್ಮ," ಎಂದರು ಡಾಕ್ಟರಮ್ಮ.

ಅವಳು ಹೇಳಿದಳು. ಮಾತು ಹಿಂದುಮುಂದಾಯಿತು. ಮೊದಲು ಲಿವರಿನ ಗುಳ್ಳೆ, ಆಮೇಲೆ ಬಕೆಟ್ಟು, ಆಮೇಲೆ ನಾಯಿಗಳು, ಕೊನೆಗೆ ಅಕ್ಕ. "ನನ್ನಕ್ಕ ಒಳ್ಳೆಯವಳು ಡಾಕ್ಟ್ರೇ, ಅವಳಿಗೆ ಗೊತ್ತಿರಲಿಲ್ಲ," ಎಂದು ನಡುನಡುವೆ ಹೇಳಿದಳು. ಆ ಕಡೆಯಿಂದ ಬೈಗುಳ ಬರಲಿಲ್ಲ. ಬೈದಿದ್ದರೆ ಅಳಬಹುದಿತ್ತು.

"ಕುರಿಯ ಅಂಥ ಗುಳ್ಳೆ ತಿಂದೇ ನಾಯಿಗೆ ಆ ಹುಳು ಬರೋದು. ನಾಳೆ ಸೂಜಿ ಹಾಕಲ್ಲ," ಎಂದರು ಕೊನೆಗೆ. "ಆದರೂ ಮಗೂನ ಕರ್ಕೊಂಡು ಬನ್ನಿ. ಹೊಟ್ಟೆ, ಎದೆ ಎರಡೂ ಸ್ಕ್ಯಾನು ಆಗಬೇಕು. ಇನ್ನೆಲ್ಲಾದರೂ ಇದೆಯಾ ನೋಡಬೇಕು."

"ಇನ್ನೆಲ್ಲಾದರೂ ಅಂದ್ರೆ?"

"ನೋಡದೆ ನಾನೇನೂ ಹೇಳೋಕಾಗಲ್ಲ ಅಮ್ಮ."

"ಇದು ಅದೇನಾ, ಡಾಕ್ಟ್ರೇ?"

"ನೋಡದೆ ಹೇಳೋಕಾಗಲ್ಲ," ಎಂದು ಅವರು ಅದನ್ನೇ ಮತ್ತೆ ಹೇಳಿದರು. ಕಾಗದ ಮಗುಚಿದ ಸದ್ದಾಯಿತು. "ಇನ್ನೊಂದು. ನಿಮ್ಮಕ್ಕನ ಮನೇಲಿ ಬೇರೆ ಯಾರಾದ್ರೂ ಮಕ್ಕಳು ಬರ್ತಾರಾ?"

ರಸ್ತೆಯಾಚೆ ಗೇಟು ತೆರೆಯಿತು. ಪ್ಲಾಸ್ಟರಿನವಳು ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಬಂದಳು. ನಿಲ್ದಾಣದಲ್ಲಿ ಇವಳನ್ನು ಕಂಡು ಮುಖವರಳಿಸಿ, ಮಗುವಿನ ಕೈಯನ್ನೆತ್ತಿ, ಟಾಟಾ ಮಾಡಿಸಿದಳು.

"ಬರ್ತಾನೆ," ಎಂದಳು ಅವಳು ಫೋನಿನಲ್ಲಿ. "ಒಬ್ಬ ಬರ್ತಾನೆ." ಅವರಿಬ್ಬರೂ ರಸ್ತೆ ದಾಟಿ ಅವಳ ಕಡೆಗೇ ಬರುತ್ತಿದ್ದರು.